ದಾಖಲಾತಿ ಪುಸ್ತಕದಲ್ಲಿ ಉಳಿದ ಊರು

ಲಂಡನ್ನಿನಿಂದ ಉತ್ತರಕ್ಕೆ ಹೊರಟ ರೈಲು ಸುಮಾರು 50 ಕಿಲೋಮೀಟರು ಸಾಗಿದ ಮೇಲೆ ಹಿಚಿನ್ ಎಂಬ ಊರನ್ನು ಮುಟ್ಟುತ್ತದೆ. ಹಾರ್ಟ್‌ಫರ್ಡ್‌ಷೈರ್ ಕೌಂಟಿಗೆ ಸೇರಿದ ಹಳೆಯ ಸಂತೆಯೂರು ಇದು. ಹಿಜ್ ಎಂಬ ಸಣ್ಣ ಹೊಳೆ, ಅದರ ದಡದಲ್ಲಿ ಸೇಂಟ್ ಮೇರಿ ದೇವಾಲಯ, ಪಕ್ಕದಲ್ಲಿ ಸಂತೆಯ ಬಯಲು, ಸುತ್ತಲೂ ಒಂದು ಕಾಲಕ್ಕೆ ಲ್ಯಾವೆಂಡರ್ ಹೂವಿನ ಹೊಲಗಳು.

ಈ ಊರಿನ ಚರಿತ್ರೆ ಬರೆಯುವವರಿಗೆ ಬರವಿರಲಿಲ್ಲ. ಇಲ್ಲಿಯೇ ವಕೀಲಿ ವೃತ್ತಿ ನಡೆಸಿದ ರೆಜಿನಾಲ್ಡ್ ಹೈನ್ 1927 ಮತ್ತು 1929ರಲ್ಲಿ ಎರಡು ಸಂಪುಟಗಳ ಹಿಚಿನ್ ಚರಿತ್ರೆಯನ್ನು ಪ್ರಕಟಿಸಿದನು. ಊರಿನ ಮಹನೀಯರನ್ನು ಕುರಿತು ಬೇರೆಯೇ ಒಂದು ಗ್ರಂಥವನ್ನೂ ಬರೆದನು. ಲೇವಾದೇವಿ ನಡೆಸುತ್ತಲೇ ಇಂಗ್ಲಿಷ್ ಹಳ್ಳಿಗಳ ಭೂಹಿಡುವಳಿಯ ಬಗೆಗೆ 1883ರಲ್ಲಿ ಪ್ರಸಿದ್ಧ ಗ್ರಂಥ ಬರೆದ ಫ್ರೆಡರಿಕ್ ಸೀಬೋಮ್ ಇದೇ ಊರಿನವನು. 1869ರಲ್ಲಿ ಐವರು ವಿದ್ಯಾರ್ಥಿನಿಯರೊಂದಿಗೆ ಇಲ್ಲಿನ ಬೆನ್ಸ್ಲೋ ಹೌಸಿನಲ್ಲಿ ಆರಂಭವಾದ ಮಹಿಳಾ ಕಾಲೇಜು ಮುಂದೆ ಕೇಂಬ್ರಿಜ್‌ನ ಗರ್ಟನ್ ಕಾಲೇಜಾಯಿತು. ಇವೆಲ್ಲ ಊರು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿಗಳು. ಆದರೆ ಭಾವಚಿತ್ರವಿಲ್ಲದ, ಉಯಿಲು ಬರೆಯುವಷ್ಟು ಆಸ್ತಿಯಿಲ್ಲದ ಕೂಲಿಕಾರರ ಮನೆತನಗಳ ನೆನಪು ಎಲ್ಲಿ ಉಳಿದಿದೆ?

ಮೊದಲನೆಯದಾಗಿ ದೇವಾಲಯದ ಪುಸ್ತಕಗಳಲ್ಲಿ. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂಬ ಆಜ್ಞೆ ಇಂಗ್ಲೆಂಡಿನಲ್ಲಿ 1538ರಲ್ಲಿಯೇ ಹೊರಟಿತ್ತು. 1754ರಿಂದ ಜಾರಿಗೆ ಬಂದ ವಿವಾಹ ಕಾನೂನು ವಧೂವರರೂ ಸಾಕ್ಷಿಗಳೂ ಪುಸ್ತಕದಲ್ಲಿ ರುಜು ಹಾಕಬೇಕೆಂದು ವಿಧಿಸಿತು. ಬರೆಯಲು ಬಾರದವರು ಕತ್ತರಿ ಗುರುತು ಹಾಕುತ್ತಿದ್ದರು. ನಮ್ಮಲ್ಲಿನ ಹೆಬ್ಬೆಟ್ಟಿನ ಹಾಗೆ. ತಮ್ಮ ವಂಶವನ್ನು ಹಿಂದಕ್ಕೆ ಹುಡುಕುತ್ತ ಹೋಗುವ ಇಂದಿನ ಕುಟುಂಬಗಳು ಈ ಪುಟಗಳಲ್ಲಿ ಬಹುಕಾಲ ನಿಲ್ಲುವುದು ಸಹಜ. ಮುತ್ತಜ್ಜನ ಹೆಸರಿನೆದುರು ಕತ್ತರಿ ಗುರುತು, ಅವನ ಮೊಮ್ಮಗನ ಹೆಸರಿನೆದುರು ತಡವರಿಸಿದ ಅಕ್ಷರಗಳ ರುಜು ಕಂಡರೆ, ನಡುವೆ ಒಂದು ಶಾಲೆ ಬಂದಿರಬೇಕೆಂದು ಊಹಿಸಬಹುದು.

ಹಿಚಿನ್ನಿನಲ್ಲಿ ಆ ಶಾಲೆ 1810ರಲ್ಲಿ ಬಂದಿತು. ವಿಲಿಯಂ ವಿಲ್ಷಿಯರ್ ಎಂಬ ಸ್ಥಳೀಯ ವಕೀಲನು ಬಿಯರ್ ತಯಾರಿಕೆಗೆ ಬಾರ್ಲಿ ಮೊಳಕೆ ಕಟ್ಟುತ್ತಿದ್ದ ಹಳೆಯ ಕಟ್ಟಡವೊಂದರಲ್ಲಿ ಬಡ ಮಕ್ಕಳಿಗಾಗಿ ಅದನ್ನು ತೆರೆದನು. 1837ರಲ್ಲಿ ಅಲ್ಲಿಯೇ 300 ಹುಡುಗರು ಒಟ್ಟಿಗೆ ಕೂಡಬಲ್ಲ ಒಂದೇ ವಿಶಾಲ ಕೊಠಡಿ ಎದ್ದಿತು. ಮುನ್ನೂರು ಮಕ್ಕಳಿಗೆ ಉಪಾಧ್ಯಾಯ ಒಬ್ಬನೇ. ಅವನು ಕೆಲವು ದೊಡ್ಡ ಹುಡುಗರಿಗೆ ಹೇಳಿಕೊಡುವುದು, ಅವರು ಚಿಕ್ಕವರಿಗೆ ಹೇಳಿಕೊಡುವುದು. ಇದು ಜೋಸೆಫ್ ಲ್ಯಾಂಕಾಸ್ಟರ್ ಪ್ರಚಾರಕ್ಕೆ ತಂದ ಪದ್ಧತಿ. ಹೊಸಬರು ಮೊದಲ ಅಕ್ಷರಗಳನ್ನು ತಿದ್ದುತ್ತಿದ್ದುದು ಕಾಗದದ ಮೇಲಲ್ಲ, ಮರಳಿನ ಮೇಲೆ.

ಮರಳು ಎಂದೊಡನೆ ನಮ್ಮ ಓದುಗರಿಗೆ ಏನೋ ಪರಿಚಿತವೆನಿಸಿದರೆ ಅದು ಭ್ರಮೆಯಲ್ಲ. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಸ್ಕಾಟಿಷ್ ಪಾದ್ರಿ, ಜಗುಲಿಯ ಶಾಲೆಯೊಂದರ ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ಕಲಿಯುವುದನ್ನು ಕಂಡು ತನ್ನ ಶಾಲೆಯಲ್ಲಿಯೂ ಅದನ್ನು ಆರಂಭಿಸಿದನು. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸಿದನು. ಈ ಪ್ರಯೋಗವನ್ನು ಕುರಿತ ಅವನ ಪುಸ್ತಕ 1797ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮರುವರ್ಷ ಲ್ಯಾಂಕಾಸ್ಟರನು ಸದಕ್‌ನಲ್ಲಿ ಶಾಲೆ ಹೂಡಿದನು. ಪದ್ಧತಿಯನ್ನು ಕಂಡುಹಿಡಿದವರು ಯಾರೆಂದು ಇಬ್ಬರ ಕಡೆಯವರೂ ಬಹುಕಾಲ ಜಗಳವಾಡಿದರು. ಜಗುಲಿಯ ಮೇಷ್ಟರ ಹೆಸರನ್ನು ಯಾರೂ ಕೇಳಲಿಲ್ಲ.

ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬಂದರೆಂದಲ್ಲ. ಆ ಸೀಮೆಯ ಬಡವರಿಗೆ ಗೋಧಿಹುಲ್ಲಿನ ಹೆಣಿಗೆಯೇ ಆಧಾರ. ಹುಲ್ಲಿನ ಕಡ್ಡಿಯನ್ನು ಸೀಳಿ, ಬಾಯಲ್ಲಿಟ್ಟು ನೆನೆಸಿ, ಜಡೆಯಂತೆ ಹೆಣೆದು, 20 ಗಜಕ್ಕೊಂದರಂತೆ ಕಟ್ಟು ಮಾಡಿ ಸಂತೆಗೆ ಒಯ್ಯಬೇಕು. ಅಲ್ಲಿಂದ ಅದು ಸಮೀಪದ ಲೂಟನ್ ಊರಿನ ಟೋಪಿ ತಯಾರಕರಿಗೆ ಹೋಗುತ್ತಿತ್ತು. ಒಳ್ಳೆಯ ಕಾಲದಲ್ಲಿ ತಾಯಿಮಕ್ಕಳ ಹೆಣಿಗೆಯ ಗಳಿಕೆ ಹೊಲಕ್ಕೆ ಹೋಗುವ ತಂದೆಯ ಕೂಲಿಯನ್ನು ಸರಿಗಟ್ಟುತ್ತಿತ್ತು. ನಾಲ್ಕೈದು ವರ್ಷದ ಮಕ್ಕಳನ್ನು ಕೂಡಿಸಿಕೊಂಡು ಹೆಣಿಗೆ ಮಾಡಿಸುವ ಮನೆಗಳಿಗೂ ‘ಶಾಲೆ’ ಎಂದೇ ಹೆಸರು. ಅಲ್ಲಿ ಓದಿಗೆ ಸಿಗುತ್ತಿದ್ದ ಹೊತ್ತು ಅತ್ಯಲ್ಪ. ಚೀನಾ ಜಪಾನುಗಳಿಂದ ಅಗ್ಗದ ಹೆಣಿಗೆ ಬಂದು ತುಂಬಿದ ಮೇಲೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಈ ಕಸುಬು ಕುಸಿಯಿತು. ಮಕ್ಕಳ ಕೈ ಬಿಡುವಾದುದಕ್ಕೆ 1880ರ ಕಡ್ಡಾಯ ಶಿಕ್ಷಣದ ಕಾನೂನಿನಷ್ಟೇ ಈ ಕುಸಿತವೂ ಕಾರಣವೆನ್ನಬೇಕು.

1862ರ ಹೊಸ ನಿಯಮಾವಳಿ ಇನ್ನೊಂದು ಬದಲಾವಣೆ ತಂದಿತು. ಸರಕಾರದ ಅನುದಾನ ಇನ್ನು ಮೇಲೆ ಹಾಜರಿಗೆ ಇಷ್ಟು, ತೇರ್ಗಡೆಗೆ ಇಷ್ಟು ಎಂದು ಲೆಕ್ಕವಾಗತೊಡಗಿತು: ಹಾಜರಿಗೆ 4 ಷಿಲ್ಲಿಂಗ್, ಓದು, ಬರಹ, ಲೆಕ್ಕಗಳಲ್ಲಿ ಒಂದೊಂದಕ್ಕೆ 2 ಷಿಲ್ಲಿಂಗ್ 8 ಪೆನ್ಸ್. ಮಗು ಬಾರದಿದ್ದರೆ ಶಾಲೆಗೇ ನಷ್ಟ. ನಿರ್ದಯವಾದ ಪದ್ಧತಿ, ತನಿಖಾಧಿಕಾರಿಯಾಗಿ ಹಿಚಿನ್ ಶಾಲೆಗೆ ಬಂದಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡನು ಇದನ್ನು ಬಹಿರಂಗವಾಗಿಯೇ ವಿರೋಧಿಸಿದನು. ಆದರೆ ಅದೇ ನಿಯಮಾವಳಿ ಮುಖ್ಯೋಪಾಧ್ಯಾಯರು ದಿನಚರಿ ಪುಸ್ತಕ ಇಡಬೇಕೆಂದೂ ಹೇಳಿತು. ಇಂಗ್ಲೆಂಡಿನ ಶಾಲೆಗಳ ಆ ಪುಸ್ತಕಗಳಲ್ಲಿ ಸುಗ್ಗಿಗೆ ಹೋದ ಮಕ್ಕಳು, ದಡಾರದಿಂದ ಮುಚ್ಚಿದ ವಾರಗಳು, ಬೂಟಿಲ್ಲದೆ ಮನೆಯಲ್ಲಿ ಉಳಿದವರು ಸಾಲುಸಾಲಾಗಿ ಕಾಣಸಿಗುತ್ತಾರೆ. ಹಣದ ಲೆಕ್ಕಕ್ಕಾಗಿ ಬರೆದುದು ಮನೆತನಗಳ ಚರಿತ್ರೆಯಾಗಿ ಉಳಿಯಿತು.

ಇಂಗ್ಲೆಂಡಿನ ಜನಗಣತಿಯ ಹಾಳೆಗಳು ನೂರು ವರ್ಷ ಮುಚ್ಚಿರುತ್ತವೆ. 1921ರದು 2022ರಲ್ಲಿ ತೆರೆಯಿತು. 1931ರ ಹಾಳೆಗಳು 1942ರ ಬೆಂಕಿಯಲ್ಲಿ ಪೂರ್ತಿ ಸುಟ್ಟುಹೋದವು; 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ. ಯುದ್ಧಾರಂಭದ 1939ರ ನೋಂದಣಿಯನ್ನು ಬಿಟ್ಟರೆ ಮುಂದಿನ ಗಣತಿಗಾಗಿ 2052ರವರೆಗೆ ಕಾಯಬೇಕು. ಹಿಚಿನ್ನಿನ ಮಟ್ಟಿಗೆ ಈ ಕೊರತೆ ಇನ್ನೂ ದೊಡ್ಡದು. ಶಾಲೆಯಿದ್ದ ಕ್ವೀನ್ ಸ್ಟ್ರೀಟಿನ ಇಕ್ಕಟ್ಟಾದ ವಠಾರಗಳನ್ನು 1920ರ ದಶಕದಲ್ಲಿ ಕೆಡವಿಹಾಕಿ, ಅಲ್ಲಿನ ಬಡ ಕುಟುಂಬಗಳನ್ನು ಬೇರೆಡೆಗೆ ಕಳುಹಿಸಲಾಯಿತು. ವಠಾರ ಹೋದ ಮೇಲೆ ಯಾವ ಮನೆ ಎಲ್ಲಿತ್ತು, ಪಕ್ಕದಲ್ಲಿ ಯಾರಿದ್ದರು ಎಂದು ಹೇಳುವವರು ಒಬ್ಬೊಬ್ಬರಾಗಿ ಇಲ್ಲವಾದರು. ಇಂಥ ಎಡೆಗಳಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ಪೋಷಕರು, ವಿಳಾಸ ಇಷ್ಟನ್ನೂ ಒಂದೇ ಗೆರೆಯಲ್ಲಿ ಹೇಳುವುದು ಶಾಲೆಯ ದಾಖಲಾತಿ ಪುಸ್ತಕ.

ಅದನ್ನು ಪೂರ್ತಿ ನಂಬುವಂತಿಲ್ಲ ಎಂಬುದೂ ನಿಜ. 1841ರ ಗಣತಿಯಲ್ಲಿ ದೊಡ್ಡವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯುವ ಸೂಚನೆಯಿತ್ತು. ನಮ್ಮ ಎಷ್ಟೋ ಮನೆಗಳ ಹಿರಿಯರು ಜೂನ್ 1ರಂದೇ ಹುಟ್ಟಿರುವುದರ ಗುಟ್ಟು ಯಾವ ಮೇಷ್ಟರ ಲೇಖನಿಯಲ್ಲಿದೆಯೆಂದು ಬಲ್ಲವರಿಗೆ ಇದು ವಿಚಿತ್ರವೆನಿಸದು.

ಹಿಚಿನ್ನಿನ ಆ ಶಾಲೆ 1969ರಲ್ಲಿ ಮುಚ್ಚಿತು. ಊರಿನವರು ಕಟ್ಟಡವನ್ನು ಬಿಟ್ಟುಕೊಡಲಿಲ್ಲ; ಟ್ರಸ್ಟ್ ಕಟ್ಟಿಕೊಂಡು ಅದನ್ನು ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡರು. ಲ್ಯಾಂಕಾಸ್ಟರ್ ಪದ್ಧತಿಗಾಗಿಯೇ ಕಟ್ಟಿ ಪೂರ್ಣವಾಗಿ ಉಳಿದುಬಂದಿರುವ ಕೊಠಡಿ ಬೇರೆ ಎಲ್ಲಿಯೂ ತಿಳಿದುಬಂದಿಲ್ಲವೆಂಬ ಖ್ಯಾತಿ ಅದಕ್ಕಿದೆ. ಸುತ್ತಣ ಊರುಗಳ ಶಾಲಾಮಕ್ಕಳು ಅಲ್ಲಿಗೆ ಬಂದು, ಹಳೆಯ ಬೆಂಚುಗಳಲ್ಲಿ ಸಾಲಾಗಿ ಕುಳಿತು, ಅಂದಿನ ರೀತಿಯ ಪಾಠವನ್ನು ಒಂದು ದಿನದ ಮಟ್ಟಿಗೆ ಕೇಳಿ ಹೋಗುತ್ತಾರೆ.