ಹುಟ್ಟಿನಿಂದಲೇ ಸೋರುವ ಹೃದಯ ಕವಾಟ

ಹೃದಯದ ಕವಾಟ ಸೋರುತ್ತಿದೆ ಎಂದರೆ ಅನೇಕರಿಗೆ ನೆನಪಾಗುವುದು ಬಾಲ್ಯದಲ್ಲಿ ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ. ನಮ್ಮ ದೇಶದಲ್ಲಿ ಅದು ಮುಖ್ಯ ಕಾರಣವೆಂಬುದು ನಿಜ. ಆದರೆ ಕೆಲವರಲ್ಲಿ ಕವಾಟದ ರಚನೆಯೇ ಹುಟ್ಟಿನಿಂದ ತಪ್ಪಿರುತ್ತದೆ. ಅಂಥ ಅಪರೂಪದ ದೋಷಗಳಲ್ಲೊಂದು ‘ಎಬ್‌ಸ್ಟೀನ್ ಅಸಹಜತೆ’. ಸುಮಾರು 20,000 ಶಿಶುಗಳಲ್ಲಿ ಒಂದಕ್ಕೆ ಇದು ಇರಬಹುದು. 19 ವರ್ಷದ ಕೂಲಿಕಾರನೊಬ್ಬನ ಶವಪರೀಕ್ಷೆಯಲ್ಲಿ ಕಂಡ ಈ ದೋಷವನ್ನು ಜರ್ಮನ್ ವೈದ್ಯ ವಿಲ್‌ಹೆಲ್ಮ್ ಎಬ್‌ಸ್ಟೀನ್ 1866ರಲ್ಲಿ ವಿವರಿಸಿದರು.

ದೋಷವೇನು?

ಹೃದಯದ ಬಲಭಾಗದಲ್ಲಿ ಮೇಲಿನ ಹಾಗೂ ಕೆಳಗಿನ ಕೋಣೆಗಳ ನಡುವೆ ಮೂರು ದಳಗಳ ಕವಾಟವಿದೆ. ರಕ್ತವನ್ನು ಕೆಳಗೆ ಬಿಟ್ಟು, ಹಿಂದಕ್ಕೆ ಬರದಂತೆ ತಡೆಯುವುದು ಅದರ ಕೆಲಸ. ಭ್ರೂಣ ಬೆಳೆಯುವಾಗ ಈ ದಳಗಳು ಕೆಳಗಿನ ಕೋಣೆಯ ಗೋಡೆಯಿಂದ ಸರಿಯಾಗಿ ಬಿಡಿಸಿಕೊಳ್ಳದಿದ್ದರೆ ಕವಾಟ ಇರಬೇಕಾದ ಜಾಗಕ್ಕಿಂತ ಕೆಳಗೆ ಉಳಿದುಬಿಡುತ್ತದೆ. ಆಗ ದಳಗಳು ಪೂರ್ಣವಾಗಿ ಕೂಡಿಕೊಳ್ಳುವುದಿಲ್ಲ. ರಕ್ತ ಹಿಂದಕ್ಕೆ ಸೋರಿ ಮೇಲಿನ ಕೋಣೆ ಹಿಗ್ಗುತ್ತದೆ. ಕೆಳಗಿನ ಕೋಣೆ ಕಿರಿದಾಗಿ, ಶ್ವಾಸಕೋಶಕ್ಕೆ ರಕ್ತ ದೂಡುವ ಶಕ್ತಿ ಕುಗ್ಗುತ್ತದೆ.

ಅನೇಕರಲ್ಲಿ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವೂ ಇರುತ್ತದೆ. ಅದರ ಮೂಲಕ ಅಶುದ್ಧ ರಕ್ತವು ಶುದ್ಧ ರಕ್ತದೊಡನೆ ಬೆರೆತಾಗ ತುಟಿ, ಉಗುರುಗಳು ನೀಲಿಯಾಗುತ್ತವೆ.

ಲಕ್ಷಣಗಳು

ದೋಷ ತೀವ್ರವಾಗಿದ್ದರೆ ಹುಟ್ಟಿದ ಕೂಡಲೇ ಮಗು ನೀಲಿಗಟ್ಟಬಹುದು. ಸೌಮ್ಯವಾಗಿದ್ದರೆ ನಡುವಯಸ್ಸಿನವರೆಗೂ ಗೊತ್ತಾಗದಿರಬಹುದು. ಬೇಗ ಆಯಾಸ, ಮೆಟ್ಟಿಲೇರುವಾಗ ಏದುಸಿರು, ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳುವುದು ಮುಖ್ಯ ಸೂಚನೆಗಳು. ಓಟದಲ್ಲಿ ಸದಾ ಹಿಂದುಳಿಯುವ ಮಗುವನ್ನು ಸೋಮಾರಿಯೆಂದು ಗದರಿಸುವ ಮುನ್ನ ಒಮ್ಮೆ ವೈದ್ಯರಿಗೆ ತೋರಿಸಿ. ನೋವಿಲ್ಲದ ಎಕೋ ಪರೀಕ್ಷೆಯಿಂದ ದೋಷ ಸ್ಪಷ್ಟವಾಗಿ ಕಾಣುತ್ತದೆ.

ಚಿಕಿತ್ಸೆ

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಸೌಮ್ಯ ದೋಷವಿದ್ದವರು ಕಾಲಕಾಲಕ್ಕೆ ತಪಾಸಣೆ ಮಾಡಿಸಿಕೊಂಡರೆ ಸಾಕಾಗಬಹುದು. ಬಡಿತದ ಲಯ ತಪ್ಪುವವರಿಗೆ ಔಷಧಿಯಿದೆ. ಲಯ ಕೆಡಿಸುವ ಹೆಚ್ಚುವರಿ ವಿದ್ಯುತ್ ಮಾರ್ಗವಿದ್ದರೆ ಅದನ್ನು ತೂರುನಳಿಕೆಯ ಮೂಲಕ ಸುಟ್ಟು ಸರಿಪಡಿಸುವುದೂ ಉಂಟು. ಸೋರಿಕೆ ಹೆಚ್ಚಿದ್ದರೆ ಕವಾಟವನ್ನು ದುರಸ್ತಿ ಮಾಡುತ್ತಾರೆ ಇಲ್ಲವೆ ಬದಲಿಸುತ್ತಾರೆ. ಬ್ರೆಜಿಲ್‌ನ ಶಸ್ತ್ರವೈದ್ಯ ಜೋಸೆ ಪೆಡ್ರೊ ಡ ಸಿಲ್ವ ರೂಪಿಸಿದ ವಿಧಾನದಲ್ಲಿ ರೋಗಿಯ ದಳಗಳನ್ನೇ ಬಿಡಿಸಿ, ಶಂಕುವಿನಂತೆ ಜೋಡಿಸಿ, ಸರಿಯಾದ ಜಾಗದಲ್ಲಿ ಹೊಲಿಯುತ್ತಾರೆ.

ಈ ದೋಷವಿರುವ ಹೆಣ್ಣುಮಕ್ಕಳು ಗರ್ಭಧಾರಣೆಗೆ ಮೊದಲೇ ಹೃದ್ರೋಗ ತಜ್ಞರ ಸಲಹೆ ಪಡೆಯಬೇಕು. ಮದುವೆಗೆ ಅಡ್ಡಿಯಾದೀತೆಂದು ಮನೆಯವರು ಕಾಯಿಲೆಯನ್ನು ಮುಚ್ಚಿಡುವುದು ಅಪಾಯಕರ. ತಜ್ಞರ ನಿಗಾ ಇದ್ದರೆ ಅನೇಕರಿಗೆ ಸುರಕ್ಷಿತ ಹೆರಿಗೆ ಸಾಧ್ಯ. ಹಲ್ಲು ಕೀಳಿಸುವ ಮುನ್ನವೂ ದಂತವೈದ್ಯರಿಗೆ ಹೃದಯದ ದೋಷವನ್ನು ತಿಳಿಸಿ.