ಗುರುತು ಹಾಕುವ ಕೈ

ಸುಳ್ಯದಿಂದ ಸಂಪಾಜೆಯ ಕಡೆಗೆ ಹೋಗುವವರಿಗೆ ಹಸಿರು ತೋಟಗಳ ನಡುವೆ ಹಳದಿಗೆ ತಿರುಗಿದ ಅಡಿಕೆ ಸೋಗೆಗಳು ಕಾಣಸಿಗುತ್ತವೆ. ಅದು ಹಳದಿ ಎಲೆ ರೋಗ. ಮರದ ತಲೆ ಕಿರಿದಾಗುತ್ತದೆ, ಕಾಯಿ ಉದುರುತ್ತದೆ, ಫಸಲು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ ಮಕ್ಕಳ ಓದು, ಮದುವೆ, ಮನೆಯ ಮಾಡು ಎಲ್ಲವೂ ಅಡಿಕೆಯನ್ನೇ ನಂಬಿವೆ; ರೋಗಕ್ಕೆ ಮದ್ದಿಲ್ಲ. ಸಾಹಿತ್ಯದ ಪಾಠ ಹೇಳಿ ನಿವೃತ್ತನಾದ ನಾನು ಇದರ ಕಾರಣವನ್ನು ಅರಿಯಹೊರಟಾಗ, ಜೀವಕೋಶದೊಳಗಿನ ಒಂದು ಅಪೂರ್ವ ವ್ಯವಸ್ಥೆಯ ಪರಿಚಯವಾಯಿತು.

ಜೀವಕೋಶದಲ್ಲಿ ಪ್ರೋಟೀನುಗಳು ಎಡೆಬಿಡದೆ ಹುಟ್ಟುತ್ತವೆ. ಹುಟ್ಟಿದವು ಸಕಾಲದಲ್ಲಿ ಅಳಿಯಲೂ ಬೇಕು. ಕಾಡಿನಲ್ಲಿ ಕಡಿಯಬೇಕಾದ ಮರಕ್ಕೆ ಮೊದಲು ಗುರುತು ಬೀಳುತ್ತದೆ, ಕೊಡಲಿಯವನು ಅನಂತರ ಬರುತ್ತಾನೆ. ಇಲ್ಲಿಯೂ ಅದೇ ಕ್ರಮ. ಗುರುತು ಎಂದರೆ ಯುಬಿಕ್ವಿಟಿನ್ ಎಂಬ, 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಕೊಡಲಿ ಎಂದರೆ ಪ್ರೋಟಿಯಸೋಮ್. ಕಡಿಯಬೇಕಾದುದನ್ನು ಆರಿಸಿ ಅದಕ್ಕೆ ಗುರುತು ಅಂಟಿಸುವ ಕೈಯೇ ಯುಬಿಕ್ವಿಟಿನ್ ಲೈಗೇಸ್. ಮನುಷ್ಯನಲ್ಲಿ ಇಂಥವು 600ಕ್ಕೂ ಹೆಚ್ಚು ಬಗೆ. ಒಂದೊಂದಕ್ಕೂ ತನ್ನದೇ ಆದ ಗುರಿಗಳುಂಟು. ಈ ವ್ಯವಸ್ಥೆಯನ್ನು ಕಂಡುಹಿಡಿದ ಆರನ್ ಸೀಹನೋವರ್, ಅವ್ರಾಮ್ ಹರ್ಷ್ಕೋ, ಅರ್ವಿನ್ ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಬೆಳವಣಿಗೆಯೆಂದರೆ ಕೂಡಿಸಿಕೊಳ್ಳುವುದಷ್ಟೇ ಅಲ್ಲ, ಕಳೆದುಕೊಳ್ಳುವುದೂ ಹೌದು. ಗಿಡದ ಬೆಳವಣಿಗೆಯನ್ನು ನಡೆಸುವ ಆಕ್ಸಿನ್ ಎಂಬ ಚೋದಕವನ್ನು ನೇರವಾಗಿ ಹಿಡಿಯುವುದು ಒಂದು ಲೈಗೇಸೇ ಎಂದು 2005ರಲ್ಲಿ ತಿಳಿಯಿತು. ಆಕ್ಸಿನ್ ಬಂದೊಡನೆ ಅದು ಬೆಳವಣಿಗೆಗೆ ಅಡ್ಡ ನಿಂತ ಪ್ರೋಟೀನಿಗೆ ಗುರುತು ಹಾಕುತ್ತದೆ; ಅಡ್ಡಿ ತೊಲಗುತ್ತದೆ.

ಇನ್ನು ಆ ಕೈ ತಪ್ಪಿದರೆ? ಪಾರ್ಕಿನ್ ಎಂಬ ಲೈಗೇಸು ಕೆಟ್ಟರೆ ನರಕೋಶದಲ್ಲಿ ಸವೆದ ಭಾಗಗಳು ತೊಲಗದೆ ಉಳಿಯುತ್ತವೆ. ಎಳೆಯ ಪ್ರಾಯದಲ್ಲಿಯೇ ಕಾಣಿಸಿಕೊಳ್ಳುವ ಒಂದು ಬಗೆಯ ಪಾರ್ಕಿನ್ಸನ್ ರೋಗಕ್ಕೆ ಅದು ಕಾರಣ. 1961ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದ ಥಾಲಿಡೊಮೈಡ್ ಗುಳಿಗೆಯನ್ನು ಗರ್ಭಿಣಿಯರು ಸೇವಿಸಿದ್ದರಿಂದ ಸಾವಿರಾರು ಶಿಶುಗಳು ಮೊಟಕು ಕೈಕಾಲುಗಳೊಡನೆ ಹುಟ್ಟಿದ್ದವು. ಆ ಮದ್ದು ಸೆರೆಬ್ಲಾನ್ ಎಂಬ, ಲೈಗೇಸಿನ ಒಂದು ಅಂಗಕ್ಕೆ ಅಂಟಿಕೊಳ್ಳುತ್ತದೆಂದು ತಿಳಿದದ್ದು 2010ರಲ್ಲಿ. ಉಳಿಯಬೇಕಾದುದಕ್ಕೆ ಗುರುತು ಬಿದ್ದಿತ್ತು. ಅದೇ ಮದ್ದು ಇಂದು, ಅದೇ ದಾರಿಯಿಂದ, ಮಜ್ಜೆಯ ಒಂದು ಕ್ಯಾನ್ಸರಿಗೆ ಔಷಧವಾಗಿದೆ.

ಈಗ ತೋಟಕ್ಕೆ ಮರಳೋಣ. ಹಳದಿ ಎಲೆ ರೋಗವನ್ನು ತರುವುದು ಫೈಟೋಪ್ಲಾಸ್ಮಾ. ಕೋಶಭಿತ್ತಿಯಿಲ್ಲದ, ಮರದ ಆಹಾರನಾಳದಲ್ಲಿ ನೆಲಸುವ ಸೂಕ್ಷ್ಮಜೀವಿ. ಜಿಗಿಹುಳು ಅದರ ವಾಹಕ. ಇದರ ದಾಯಾದಿ ಜೀವಿಯೊಂದರ ಕುತಂತ್ರ 2021ರಲ್ಲಿ ಬಯಲಾಯಿತು. ಅದು ಸ್ರವಿಸುವ ಪ್ರೋಟೀನು ಗುರುತಿನ ಗೊಡವೆಗೇ ಹೋಗದೆ, ಗಿಡದ ಬೆಳವಣಿಗೆಯನ್ನು ನಿಯಂತ್ರಿಸುವ ಪ್ರೋಟೀನುಗಳನ್ನು ನೇರವಾಗಿ ಕೊಡಲಿಗೆ ಒಯ್ದು ಕೊಡುತ್ತದೆ. ಗುರುತಿಲ್ಲದ ಮರವನ್ನು ಕದ್ದು ಸಾಗಿಸಿದಂತೆ! ಗಿಡದ ಒಂದು ಪ್ರೋಟೀನಿನಲ್ಲಿ ಎರಡೇ ಅಮೈನೋ ಆಮ್ಲಗಳನ್ನು ಬದಲಿಸಿದಾಗ ಕಳ್ಳನ ಆಟ ನಡೆಯಲಿಲ್ಲ. ಇದು ಸಾಸಿವೆಯ ಬಳಗದ ಗಿಡದಲ್ಲಿ ಕಂಡ ಸತ್ಯ; ಅಡಿಕೆಗೆ ಹಾಗೆಯೇ ಹೊಂದಿಸಲಾಗದು. ಆದರೂ ಬಾಗಿಲು ಎಲ್ಲಿದೆಯೆಂಬ ಸುಳಿವು ದೊರೆಯಿತು.

ರೋಗ ಹಬ್ಬಿದ ತೋಟದ ನಡುವೆಯೂ ಒಂದೊಂದು ಮರ ಹಸಿರಾಗಿಯೇ ಉಳಿದಿರುತ್ತದೆ. ತೋಟಗಾರಿಕಾ ವಿಜ್ಞಾನಿಗಳು ಅಂಥ ಮರಗಳನ್ನು ಹುಡುಕಿ ಸಸಿ ಮಾಡಲು ಯತ್ನಿಸುತ್ತಿದ್ದಾರೆ. ನಮ್ಮ ಕೃಷಿಕರು ಕಡಿಯುವ ಮರಕ್ಕೆ ಮಾತ್ರವಲ್ಲದೆ ಈ ಉಳಿದ ಮರಕ್ಕೂ ಒಂದು ಗುರುತು ಹಾಕಿಟ್ಟರೆ ಒಳಿತು.