ಅಲೆಗೆರೆಯ ಬೆನ್ನು ಹತ್ತಿ

ಒಂದು ಅಲೆಗೆರೆ, ಅಷ್ಟೇ. ಪೋಲೆಂಡಿನ ಕ್ರಿಸ್ಟೋಫ್ ಪೆಂಡೆರೆಟ್ಸ್ಕಿ 1960ರಲ್ಲಿ 52 ತಂತಿವಾದ್ಯಗಳಿಗೆಂದು ಒಂದು ಕೃತಿ ಬರೆದರು. ಮೊದಲು ಅದಕ್ಕಿದ್ದ ಹೆಸರು ಬರೀ ಅದರ ಅವಧಿ, 8 ನಿಮಿಷ 37 ಸೆಕೆಂಡು. ಹಿರೋಷಿಮಾದಲ್ಲಿ ಸತ್ತವರಿಗಾಗಿ ಹಾಡಿದ ಶೋಕಗೀತೆ ಎಂಬ ಹೆಸರು ಆಮೇಲೆ ಬಂದದ್ದು. ಆ ಕೃತಿಯ ಮೊದಲಲ್ಲೇ ಗುರುತುಗಳ ಒಂದು ಪಟ್ಟಿ ಇದೆ. ಕಪ್ಪು ತ್ರಿಕೋನ ಕಂಡಿತೋ, ನಿನ್ನ ಪಿಟೀಲು ಎಷ್ಟು ಮೇಲಕ್ಕೆ ಹೋಗಬಲ್ಲದೋ ಅಷ್ಟು ಮೇಲಿನ ಸ್ವರ ನುಡಿಸು, ಯಾವ ಸ್ವರ ಎಂದು ಕೇಳಬೇಡ! ಇನ್ನೊಂದು ಗುರುತಿಗೆ ತಂತಿಗಳನ್ನು ಹೊರುವ ಕುದುರೆಯ ಆಚೆ ಕಡೆ, ಯಾರೂ ಕಮಾನು ಹಾಕದ ಆ ಗಿಡ್ಡ ತಂತಿಯ ಮೇಲೆ ಉಜ್ಜು. ಮತ್ತೊಂದಕ್ಕೆ ಪಿಟೀಲಿನ ಮೈಯನ್ನೇ ಬೆರಳಿನಿಂದ ತಟ್ಟು. ಅಲೆಗೆರೆ ಕಂಡರೋ? ತಂತಿಯ ಮೇಲೆ ಬೆರಳು ಜಾರಿಸುತ್ತ, ಕಾಲು ಸ್ವರದ ಅಂತರದಲ್ಲಿ, ನಿಧಾನವಾಗಿ ತೂಗು.

ಇದನ್ನು ಓದಿದವನು ಕೂತಲ್ಲಿಂದ ಎದ್ದೇಬಿಟ್ಟೆ. ಅಯ್ಯೋ, ಇದು ನಮ್ಮ ಕಂಪಿತ, ಸ್ವರವನ್ನು ತೂಗಿಸುವ ಗಮಕ! ಶಿವಮೊಗ್ಗದ ದುರ್ಗಿಗುಡಿಯಲ್ಲೋ ಕೋಟೆ ರಸ್ತೆಯ ಹಿಂದಿನ ಓಣಿಯಲ್ಲೋ ಸಂಜೆ ಹೊತ್ತು ಪಿಟೀಲಿನ ಪಾಠ ನಡೆಯುವ ಮನೆಯ ಮುಂದೆ ಹಾದುಹೋದರೆ ಕೇಳುವುದು ಇದೇ ತಾನೇ? ತೋಡಿ ರಾಗದ ಗಾಂಧಾರ ಕಾಲು ಸ್ವರಕ್ಕಿಂತ ಎಷ್ಟೋ ದೂರ ತೂಗುತ್ತದೆ, ನಿಜ. ಆದರೆ ಬೆರಳು ಮಾಡುವ ಕೆಲಸ ಅದೇ. ಯುರೋಪಿನ ವಾದ್ಯಗಾರರಿಗೆ ಹೊಸದಾಗಿ ಗುರುತು ಕಟ್ಟಿ, ಅರ್ಥ ಬರೆದು ಹೇಳಬೇಕಾದ ಕೆಲಸವನ್ನು ಶಿವಮೊಗ್ಗದ ಹತ್ತು ವರ್ಷದ ಹುಡುಗಿ ವರ್ಣ ಕಲಿಯುವಾಗಲೇ ಮಾಡುತ್ತಾಳೆ.

ಅಚ್ಚರಿ ಅಲ್ಲಿಗೇ ಮುಗಿಯಲಿಲ್ಲ. ಅದೇ ಅಲೆಗೆರೆ, ಅದೇ ಕೆಲಸಕ್ಕೆ, ಪೆಂಡೆರೆಟ್ಸ್ಕಿಗಿಂತ 56 ವರ್ಷ ಮೊದಲೇ ತಮಿಳುನಾಡಿನ ಎಟ್ಟಯಪುರದಲ್ಲಿ ಅಚ್ಚಾಗಿತ್ತು! 1904ರಲ್ಲಿ ಹೊರಬಂದ ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಸಾವಿರ ಪುಟ ಮೀರಿದ, ತೆಲುಗು ಲಿಪಿಯ ಗ್ರಂಥ. ಕನ್ನಡ ಬಲ್ಲವರು ಸ್ವಲ್ಪ ತಡವರಿಸಿದರೂ ಅಕ್ಷರ ಕೂಡಿಸಿಕೊಂಡು ಓದಬಹುದು. ಸ್ವರಾಕ್ಷರಗಳ ನೆತ್ತಿಯ ಮೇಲೆ ಅಲೆಗೆರೆ ಇದ್ದರೆ ಕಂಪಿತ. ಓರೆಗೆರೆ ಮೇಲಕ್ಕೆ ಹತ್ತಿದರೆ ಏರುವ ಜಾರು, ಕೆಳಕ್ಕೆ ಬಿದ್ದರೆ ಇಳಿಯುವ ಜಾರು. ಚುಕ್ಕೆಗಳ ಗುಂಪು ಕಂಡರೆ ಸ್ಫುರಿತ ಎಂಬ ಗಮಕ. ಜಾರಿಗೆ ಪಾಶ್ಚಾತ್ಯರು ಇಂದಿಗೂ ಎಳೆಯುವುದು ಓರೆಗೆರೆಯನ್ನೇ. ಜಾರುವ ಬೆರಳನ್ನು ಕಾಗದದ ಮೇಲೆ ಹಿಡಿಯಹೊರಟ ಕೈಗೆ ತಾನಾಗಿಯೇ ಒದಗುವ ಗೆರೆ ಅದು.

ಇನ್ನೂ ಇದೆ, ಕೇಳಿ. ಈ ಸುಬ್ಬರಾಮ ದೀಕ್ಷಿತರು ಯಾರು? ಬಾಲುಸ್ವಾಮಿ ದೀಕ್ಷಿತರ ಮಗಳ ಮಗ, ದತ್ತುಪುತ್ರ ಕೂಡ. ಬಾಲುಸ್ವಾಮಿ ಯಾರು? ಮುತ್ತುಸ್ವಾಮಿ ದೀಕ್ಷಿತರ ತಮ್ಮ. ಮದರಾಸಿನಲ್ಲಿ ಯುರೋಪಿಯನ್ನರ ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು! ತಾತ ಪರದೇಶದ ವಾದ್ಯವನ್ನು ಗಮಕಕ್ಕೆ ಪಳಗಿಸಿದರು, ಮೊಮ್ಮಗ ಆ ಗಮಕವನ್ನು ಕಾಗದಕ್ಕೆ ಇಳಿಸಿದರು. ಒಂದೇ ಮನೆತನ! ಇದು ಯಾಕೆ ನಮ್ಮ ಮಕ್ಕಳ ಪಾಠಪುಸ್ತಕದಲ್ಲಿಲ್ಲವೋ.

ಪಿಟೀಲಿಗೆ ಇಲ್ಲಿ ಆದ ಬದಲಾವಣೆಯನ್ನು ಹೊರಗಿನವರ ಕಣ್ಣಿನಿಂದ ಒಮ್ಮೆ ನೋಡಬೇಕು. ಗದ್ದದಡಿ ಸಿಕ್ಕಿಸಿ ನಿಂತು ನುಡಿಸುವ ವಾದ್ಯವನ್ನು ನಾವು ಚಾಪೆಯ ಮೇಲೆ ಕೂರಿಸಿದೆವು. ಒಂದು ತುದಿ ಎದೆಗೆ, ಸುರುಳಿಯ ತುದಿ ಬಲಗಾಲಿನ ಹಿಮ್ಮಡಿಯ ಹತ್ತಿರಕ್ಕೆ. ವಾದ್ಯದ ಭಾರ ಇಳಿದ ಎಡಗೈ ತಂತಿಯುದ್ದಕ್ಕೂ ಬಿಡುಬೀಸಾಗಿ ಓಡಾಡುತ್ತದೆ. ಇನ್ನು ಶ್ರುತಿ. ಅಲ್ಲಿ ನಾಲ್ಕು ತಂತಿಗೆ ನಾಲ್ಕು ಗೊತ್ತಾದ ಸ್ವರ. ಇಲ್ಲಿ ಸ-ಪ-ಸ-ಪ, ಅದೂ ಹಾಡುವವರ ಶ್ರುತಿಗೆ ತಕ್ಕ ಹಾಗೆ. ಯುರೋಪಿನಲ್ಲಿ ಶ್ರುತಿ ಬದಲಿಸಿ ನುಡಿಸುವುದನ್ನು ವಿಶೇಷ ತಂತ್ರ ಎಂದು ಎಣಿಸುತ್ತಾರೆ. 1670ರ ದಶಕದಲ್ಲಿ ಸಂಯೋಜಕ ಹೈನ್ರಿಖ್ ಬಿಬರ್ ಕ್ರೈಸ್ತರ ಜಪಮಾಲೆಯ ರಹಸ್ಯಗಳ ಮೇಲೆ ಪಿಟೀಲಿಗೆ ಹದಿನೈದು ಸೊನಾಟಾ ಬರೆದರು. ಮೊದಲನೆಯದನ್ನು ಬಿಟ್ಟರೆ ಒಂದೊಂದಕ್ಕೂ ಬೇರೆ ಶ್ರುತಿ. ಹನ್ನೊಂದನೆಯದರಲ್ಲಂತೂ ನಡುವಿನ ಎರಡು ತಂತಿಗಳನ್ನೇ ಅದಲುಬದಲು ಮಾಡಿ, ಒಂದರ ಮೇಲೊಂದು ಹಾಯಿಸಿ ಕಟ್ಟಬೇಕು!

ಆದರೆ ಬಿಬರ್ ಬರೆದ ಕ್ರಮ ಅದಕ್ಕಿಂತ ಸೋಜಿಗ. ಕಾಗದದ ಮೇಲೆ ಕಾಣುವ ಸ್ವರ ಕಿವಿಗೆ ಬೀಳುವ ಸ್ವರ ಅಲ್ಲ. ಮಾಮೂಲಿ ಶ್ರುತಿ ಎಂದುಕೊಂಡು ಬೆರಳಿಡು, ನಾದ ತಾನೇ ಬೇರೆಯದಾಗಿ ಬರುತ್ತದೆ. ಅಂದರೆ ಆತ ಬರೆದದ್ದು ನಾದವನ್ನಲ್ಲ, ಬೆರಳನ್ನು. ಇದೇ ದಾರಿಯಲ್ಲಿ ಮುನ್ನೂರು ವರ್ಷ ಮುಂದೆ ಬಂದರೆ ಜರ್ಮನಿಯ ಹೆಲ್ಮುಟ್ ಲಾಖೆನ್‌ಮನ್ ಸಿಗುತ್ತಾರೆ. 1969ರ ಹೊತ್ತಿಗೆ ಅವರು ಚೆಲ್ಲೋ ವಾದ್ಯಕ್ಕೆ ಬರೆದ ‘ಪ್ರೆಸಿಯೋನ್’ ಸ್ವರಲಿಪಿಯಂತೆ ಕಾಣುವುದೇ ಇಲ್ಲ, ಊರಿನ ನಕ್ಷೆಯಂತೆ ಕಾಣುತ್ತದೆ. ಪುಟದ ಮೇಲು ಕೆಳಗು ಎಂದರೆ ಸ್ವರದ ಏರಿಳಿತವಲ್ಲ, ವಾದ್ಯದ ಮೈಮೇಲೆ ಕೈ ಇರುವ ಜಾಗ. 1986ರಲ್ಲಿ ಒಂಟಿ ಪಿಟೀಲಿಗೆ ಬರೆದ ‘ಟೊಕಾಟೀನಾ’ದಲ್ಲಿ ಕಮಾನಿನ ಬುಡದ ತಿರುಪಿನಿಂದ ತಂತಿಯನ್ನು ಮೆಲ್ಲಗೆ ಕುಟ್ಟಬೇಕು. ಕೇಳಿದರೆ ಪಿಟೀಲು ಎಂದು ಯಾರೂ ಹೇಳಲಾರರು.

ನಮ್ಮ ಮಕ್ಕಳ ನೋಟುಪುಸ್ತಕ ತೆರೆಯಿರಿ. ಸ ರಿ ಗ ಮ, ಅಲ್ಪವಿರಾಮ, ತಾಳಕ್ಕೆ ಎರಡು ಗೆರೆ. ಅಷ್ಟೇ! ಗಮಕದ ಗುರುತು ಒಂದೂ ಇಲ್ಲ. ದೀಕ್ಷಿತರು ಅಷ್ಟು ಕಷ್ಟಪಟ್ಟು ಕಟ್ಟಿಕೊಟ್ಟ ಗುರುತುಗಳನ್ನು ಪಾಠದ ಮನೆಗಳು ಮೂಲೆಗೆ ಸರಿಸಿ, ‘ಕೇಳಿಸ್ಕೋ, ಆಮೇಲೆ ನುಡಿಸು’ ಎಂದುಬಿಟ್ಟವು. ಅದು ಸೋಮಾರಿತನ ಎಂದು ನನಗೆ ಅನ್ನಿಸುವುದಿಲ್ಲ, ಗುರು ಎದುರಿಗೇ ಕೂತಿರುವಾಗ ಗೆರೆ ಯಾಕೆ? ಆದರೆ ಗುರು ಇಲ್ಲದ ಊರಿಗೆ ಸಂಗೀತ ಹೋಗಬೇಕಾದರೆ ಆ ಗೆರೆಗಳೇ ಬೇಕು.

ವಾದ್ಯದ ಮೈಯನ್ನೇ ತಿದ್ದಿದವರೂ ನಮ್ಮಲ್ಲಿದ್ದರು. ಮೈಕಿಲ್ಲದ ಕಾಲದ ಸಭೆಯಲ್ಲಿ ಹಿಂದೆ ಕೂತವರಿಗೂ ಕೇಳಲಿ ಎಂದು ಪಿಟೀಲು ಚೌಡಯ್ಯನವರು ನಾಲ್ಕು ತಂತಿಗೆ ಇನ್ನು ಮೂರು ಸೇರಿಸಿದರು. ಆ ಏಳು ತಂತಿಯ ಪಿಟೀಲು ಇವತ್ತು ಬೆಂಗಳೂರಿನಲ್ಲಿ ಒಂದು ಸಭಾಂಗಣವೇ ಆಗಿ ನಿಂತಿದೆ. ಗಿಟಾರಿನ ಕಥೆ ಇನ್ನೂ ಮಜಾ. 1970ರ ದಶಕದಲ್ಲಿ ‘ಶಕ್ತಿ’ ತಂಡ ಕಟ್ಟಿದ ಜಾನ್ ಮೆಕ್‌ಲಾಫ್ಲಿನ್ ಅಮೆರಿಕದಲ್ಲಿ ವೀಣೆಯ ಪಾಠ ಹೇಳಿಸಿಕೊಂಡವರು. ವೀಣೆಯಲ್ಲಿ ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆಳೆದು ಮೂರು ನಾಲ್ಕು ಸ್ವರ ಹೊರಡಿಸುವುದನ್ನು ಕಂಡು, ತಮ್ಮ ಗಿಟಾರಿನ ಮೆಟ್ಟಿಲುಗಳ ನಡುವಿನ ಮರವನ್ನೇ ತೋಡಿಸಿಕೊಂಡರು. ಇಂಗ್ಲೆಂಡಿನ ಕೀತ್ ರೋ 1960ರ ದಶಕದಲ್ಲೇ ಗಿಟಾರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ನುಡಿಸಿದಾಗ ಅಲ್ಲಿನವರು ಬೆರಗಾದರಂತೆ. ನೆಲದ ಮೇಲೆ ಮಲಗಿಸಿಯೇ ನುಡಿಸುವ ಗೋಟುವಾದ್ಯ ನೋಡಿದ ನಮಗೆ ಅದರಲ್ಲೇನು ಬೆರಗು!

ಈಗ ಭದ್ರಾವತಿಗೆ ಬನ್ನಿ. 1923ರಿಂದ ಕಬ್ಬಿಣ, 1936ರಲ್ಲಿ ಶುರುವಾದ ಕಾಗದದ ಕಾರ್ಖಾನೆ, ಮೇಲೆ 675 ಕಿಲೋಹರ್ಟ್ಝ್‌ನ ಆಕಾಶವಾಣಿ. ಲೋಹ, ಕಾಗದ, ಕಿವಿ. ತಂತಿಯ ನಾದವನ್ನು ಬರೆದಿಡುವ ಈ ವಿದ್ಯೆಗೆ ಬೇಕಾದ ಮೂರೂ ಒಂದು ಕಾಲಕ್ಕೆ ಒಂದೇ ಊರಿನಲ್ಲಿದ್ದವು! ಕಾಗದ ಬರೆಯಲಿಕ್ಕಷ್ಟೇ ಅಲ್ಲ. 1673ರಲ್ಲಿ ಅದೇ ಬಿಬರ್ ಯುದ್ಧದ ಸಂಗೀತ ಬರೆಯುವಾಗ ದೊಡ್ಡ ಪಿಟೀಲಿನ ತಂತಿಯಡಿ ಕಾಗದ ಸಿಕ್ಕಿಸಿ ರಣಭೇರಿಯ ಗರಗರ ಹೊರಡಿಸಿದರು. ಕಾಗದ ವಾದ್ಯವೂ ಆಯಿತು! ತಂಬೂರಿಯ ತಂತಿಯಡಿ ಹತ್ತಿ ನೂಲಿನ ಎಳೆ ಸರಿಸಿ ಝೇಂಕಾರ ಬರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ನನ್ನ ತಲೆ ಹೊಕ್ಕ ವಾದ್ಯ ಪಿಟೀಲೂ ಅಲ್ಲ, ಗಿಟಾರೂ ಅಲ್ಲ. ಚೌಡಿಕೆ. ಸೊರಬದ ಚಂದ್ರಗುತ್ತಿ ರೇಣುಕಾಂಬೆಯ ಕಡೆಗೆ ಹೊರಟ ಜೋಗತಿಯರ ಕೈಯಲ್ಲಿರುವ ಒಂಟಿ ತಂತಿಯ ವಾದ್ಯ. ತಳಕ್ಕೆ ಚರ್ಮ, ಚರ್ಮದ ನಡುವಿನಿಂದ ಹೊರಟ ತಂತಿ ಮೇಲಿನ ಬಿರಡೆಗೆ. ತಂತಿ ಬಿಗಿಯಾದರೆ ನಾದ ಏರುತ್ತದೆ, ಸಡಿಲಾದರೆ ಗುರ್ ಎನ್ನುತ್ತ ಇಳಿಯುತ್ತದೆ. ಇದನ್ನು ಸ ರಿ ಗ ಮದಲ್ಲಿ ಬರೆದರೆ ನಾದದ ಅರ್ಧ ಜೀವ ಹೋಯಿತು. ಲಾಖೆನ್‌ಮನ್ ದಾರಿಯಲ್ಲಿ ಬರೆದರೆ? ಪುಟದ ಮೇಲ್ತುದಿ ಎಂದರೆ ಪೂರ್ತಿ ಬಿಗಿ, ಕೆಳತುದಿ ಎಂದರೆ ಪೂರ್ತಿ ಸಡಿಲ. ಮೀಟಿದಲ್ಲಿ ಒಂದು ಚುಕ್ಕೆ, ಚುಕ್ಕೆಯಿಂದ ಚುಕ್ಕೆಗೆ ಹರಿಯುವ ಗೆರೆ. ಯಾವ ಸ್ವರ ಎಂಬ ಪ್ರಶ್ನೆಯೇ ಏಳುವುದಿಲ್ಲ. ಮನೆಯಲ್ಲಿ ಗಿಟಾರ್ ಇರುವವರು ಒಂದು ಹಾಳೆಯ ಮೇಲೆ ಹೀಗೊಂದು ಗೆರೆ ಎಳೆದು ಗೋಡೆಗೆ ಅಂಟಿಸಿ. ಬಲಗೈ ದಪ್ಪ ತಂತಿಯನ್ನು ಮೀಟಲಿ, ಎಡಗೈ ಬಿರಡೆ ಹಿಡಿದು ಗೆರೆ ಹೋದ ಹಾಗೆ ತಿರುಗಿಸಲಿ. ಬಿಗಿ ಮಾಡುವಾಗ ಮಾತ್ರ ನಿಧಾನ, ತಂತಿ ಕಡಿದೀತು.